ಬಸ್ಸಿನ ಹಿಂದೆ ಓಡುವುದನ್ನು ಬಿಟ್ಟ ಮೇಲೆ

ನಮ್ಮ ಕಾಲೊನಿಯ ಮುಂದಿನ ರಸ್ತೆಯಲ್ಲಿ ಒಂದು ಬಸ್ ಸ್ಟಾಪ್ ಇದೆ. ತಗಡಿನ ಚಾವಣಿ ಇದೆ, ಕೂರಲು ಕಬ್ಬಿಣದ ಕುರ್ಚಿಗಳಿವೆ, ಮೇಲೆ ತೆಲುಗಿನಲ್ಲಿ ದಪ್ಪಗೆ ಬರೆದ ಹೆಸರೂ ಇದೆ. ಬಸ್ ಮಾತ್ರ ಅಲ್ಲಿ ನಿಲ್ಲುವುದಿಲ್ಲ. ಸ್ಟಾಪಿನ ಮುಂದೆ ಶೇರ್ ಆಟೋಗಳು, ಆಟೋಗಳ ಮುಂದೆ ಪೇರಲ ಹಣ್ಣಿನ ಗಾಡಿ. ಬಸ್ಸು ಇವನ್ನೆಲ್ಲ ದಾಟಿ, ಔಷಧಿ ಅಂಗಡಿಯ ಎದುರಿಗೋ, ಅದನ್ನೂ ದಾಟಿ ಬಿರಿಯಾನಿ ಹೋಟೆಲಿನ ಎದುರಿಗೋ ನಿಂತ ಹಾಗೆ ಮಾಡಿ ಹೊರಟುಬಿಡುತ್ತದೆ. ಎಲ್ಲಿ ನಿಲ್ಲಬೇಕೆಂಬುದು ಆ ದಿನದ ಡ್ರೈವರನ ಮರ್ಜಿ.

ಹಾಗಾಗಿ ಸ್ಟಾಪಿನಲ್ಲಿ ನಿಂತು ಬಸ್ ಕಾಯುವವರು ನಮ್ಮಲ್ಲಿ ಯಾರೂ ಇಲ್ಲ. ಎಲ್ಲರೂ ರಸ್ತೆಗಿಳಿದು, ಕತ್ತು ಉದ್ದ ಮಾಡಿ, ಬಸ್ ಬರುವ ರಭಸ ನೋಡಿ ಇವತ್ತು ಎಲ್ಲಿ ನಿಂತೀತು ಎಂದು ಅಂದಾಜು ಹಾಕುತ್ತೇವೆ. ಆಮೇಲೆ ಕಾಲಿಗೆ ಬುದ್ಧಿ ಹೇಳುವುದು. ಸೀರೆ ಉಟ್ಟವರು, ಬುರ್ಖಾ ತೊಟ್ಟವರು, ಟಿಫಿನ್ ಡಬ್ಬಿ ಹಿಡಿದವರು, ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಓಡಬೇಕು. ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ ಎಂದಾದ ಮೇಲಂತೂ, ರಸ್ತೆಯಲ್ಲಿ ಬರೀ ನಾವೇ ಕಂಡರೆ ಕೆಲವು ಡ್ರೈವರುಗಳು ನಿಂತ ಹಾಗೆ ಮಾಡುವುದನ್ನೂ ಬಿಟ್ಟಿದ್ದಾರೆ. ಪುಕ್ಕಟೆ ಹತ್ತುವವರು ಓಡಲಿ ಬಿಡು ಎಂಬ ಧೋರಣೆ. ಸರಕಾರ ಕೊಟ್ಟದ್ದಕ್ಕೆ ಇವರ ಗಂಟೇನು ಹೋಗುತ್ತದೋ ನನಗೆ ತಿಳಿಯದು!

ನಾನೂ ಓಡಿದವಳೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹುಡುಗಿಯರನ್ನು ಹಿಂದೆ ಹಾಕಿ ಹತ್ತಿದ್ದುಂಟು, ಹತ್ತಿ ಜಂಬಪಟ್ಟದ್ದೂ ಉಂಟು. ಹೋದ ಮಳೆಗಾಲದ ಒಂದು ಬೆಳಿಗ್ಗೆ ಹಾಗೆ ಓಡುವಾಗ ಚರಂಡಿಯ ಮುಚ್ಚಳದ ಅಂಚಿಗೆ ಕಾಲು ಸಿಕ್ಕಿ ಧೊಪ್ಪೆಂದು ಬಿದ್ದೆ. ಬಸ್ಸು ಹೋಯಿತು. ದಿನಾ ನನ್ನ ಜೊತೆ ಬಸ್ ಹಿಡಿಯುವ, ಬುರ್ಖಾ ತೊಟ್ಟ ಹೆಂಗಸೊಬ್ಬಳು ತನ್ನ ಬಸ್ಸನ್ನೂ ಬಿಟ್ಟು ನನ್ನನ್ನು ಎತ್ತಿ ಕೂರಿಸಿದಳು. ಅವಳು ಆಸ್ಪತ್ರೆಯೊಂದರಲ್ಲಿ ಆಯಾ. ಮೊಣಕಾಲನ್ನು ಒತ್ತಿ ನೋಡಿ ತಲೆ ಅಲ್ಲಾಡಿಸಿದಳು. ಡಾಕ್ಟರೂ ಅದನ್ನೇ ಮಾಡಿದರು. ವಾಸಿಯಾಗುತ್ತದೆ, ನಡೆಯಬಹುದು, ಆದರೆ ಇನ್ನು ಜನ್ಮದಲ್ಲಿ ಓಡುವ ಮಾತಿಲ್ಲ ಎಂದುಬಿಟ್ಟರು.

ಅದನ್ನು ಕೇಳಿ ನಮ್ಮ ಮನೆಯವರಿಗೆ ಒಳಗೊಳಗೇ ಖುಷಿಯಾಯಿತು. ನನಗೆ ನೋವಾಯಿತೆಂದಲ್ಲ, ಅಷ್ಟು ಕೆಟ್ಟವರಲ್ಲ. ನನ್ನ ಕೆಲಸ ಬಿಡಿಸಲು ಅವರು ಬಹಳ ದಿನದಿಂದ ಒಂದು ನೆಪ ಹುಡುಕುತ್ತಿದ್ದರು.

"ಸಾಕ್ ಮಾಡು ಇನ್ನ," ಅಂದರು. "ಪೆನ್ಶನ್ ಬರತೈತಿ, ಮನಿ ಐತಿ. ಆರಾಮ ಕುಂದ್ರು."

"ಕುಂತು ಏನ್ ಮಾಡ್ಲಿರಿ?"

"ನಾ ಏನ್ ಮಾಡಾಕತ್ತೀನಿ? ಹಂಗ."

ಅವರು ಮಾಡುವುದೆಂದರೆ ಪೇಪರ್ ಓದುವುದು ಮತ್ತು ಚಹಾ ಕೇಳುವುದು. ಹಿಮಾಯತ್‌ನಗರದ ಒಂದು ಸೀರೆ ಅಂಗಡಿಯಲ್ಲಿ ನಾನು ಫಾಲ್ ಹಚ್ಚುತ್ತಿದ್ದೆ, ಸೆರಗಿಗೆ ಕುಚ್ಚು ಕಟ್ಟುತ್ತಿದ್ದೆ. ಮಕ್ಕಳ ಮದುವೆಗಳಾಗಿ ಮನೆ ಖಾಲಿಯಾದ ಮೇಲೆ ಹಿಡಿದ ಕೆಲಸ. ಮನೆಯಲ್ಲಿ ನಾನು ಇವರ ಚಹಾ, ಇವರ ಬಿಪಿ ಮಾತ್ರೆ, ಇವರ ಇಸ್ತ್ರಿ. ಅಂಗಡಿಯಲ್ಲಿ ಮದುಮಕ್ಕಳ ತಾಯಂದಿರು ನನ್ನ ಎದುರಿಗೆ ಮಂಡಿಯೂರಿ ಕೂತು, "ಅಮ್ಮಾ, ಈ ಸೀರೆಗೆ ನಿಮ್ಮ ಕೈಯದೇ ಕುಚ್ಚು ಬೇಕು" ಎಂದು ಗೋಗರೆಯುತ್ತಿದ್ದರು. ನನಗೆ ಅದು ಬೇಕು. ಇದನ್ನು ಹೇಳಲು ನನಗೆ ನಾಚಿಕೆಯೇನಿಲ್ಲ. ಓಡಲಾರದವಳಿಗೆ ಬಸ್ಸಿಲ್ಲ, ಬಸ್ಸಿಲ್ಲದವಳಿಗೆ ಆ ಅಂಗಡಿ ಇಲ್ಲ. ಮೆಟ್ರೊ ನಮ್ಮ ಕಡೆಗೆ ಬಂದಿಲ್ಲ, ದಿನಾ ಆಟೋ ಮಾಡಿದರೆ ದುಡಿದದ್ದೆಲ್ಲ ಆಟೋದವನಿಗೇ ಹೋಗುತ್ತದೆ.

ಇವರಿಗೆ ಇದು ಹೇಗೆ ಅರ್ಥವಾಗಬೇಕು! ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ವಿಜಯಪುರದ ಕಡೆಯಿಂದ ಇಲ್ಲಿಗೆ ಬಂದವರು ಇವರು. ನಿವೃತ್ತಿಯ ತನಕ ಕಾರ್ಖಾನೆಯ ಬಸ್ಸು ಕಾಲೊನಿಯ ಗೇಟಿಗೇ ಬಂದು ಇವರನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಇವರು ಬರುವುದು ತಡವಾದರೆ ಡ್ರೈವರ್ ಹಾರ್ನ್ ಮಾಡಿ ಕಾಯುತ್ತಿದ್ದ. ಕಿಟಕಿಯ ಪಕ್ಕ ಇವರದೇ ಸೀಟು, ಅಲ್ಲಿ ಇನ್ನೊಬ್ಬ ಕೂರುವ ಹಾಗಿರಲಿಲ್ಲ. ಈ ಊರಿನಲ್ಲಿ ಇಡೀ ನೌಕರಿ ಮುಗಿಸಿದರೂ ಸಿಟಿ ಬಸ್ಸಿಗಾಗಿ ಒಂದು ಹೆಜ್ಜೆ ಓಡಿದವರಲ್ಲ.

ಕಾಲು ನೆಟ್ಟಗಾದ ಮೇಲೆ ನಾನು ತೀರ್ಮಾನ ಮಾಡಿದೆ. ಓಡುವುದಿಲ್ಲ. ಮೇಲೆ ಸ್ಟಾಪ್ ಎಂದು ಬರೆದಿದೆಯಲ್ಲ, ಅದರ ಕೆಳಗೇ ನಿಲ್ಲುತ್ತೇನೆ, ಕೈ ತೋರಿಸುತ್ತೇನೆ. ನಿಲ್ಲಿಸುವುದು ಅವರ ಕೆಲಸ. ಮೊದಲ ದಿನ ಬಸ್ಸು ಕ್ಯಾರೇ ಅನ್ನದೆ ಹೋಯಿತು. ಅದರ ಹಿಂದಿನದೂ ಹೋಯಿತು. ಎಲ್ಲರೂ ಓಡಿ ಹತ್ತಿದರು, ನಾನು ಒಬ್ಬಳೇ ದೇವಸ್ಥಾನದ ಕಂಬದ ಹಾಗೆ ನಿಂತಿದ್ದೆ. ಆ ವಾರವೆಲ್ಲ ಅದೇ ಪಾಡು. ಸಿಗ್ನಲ್ಲಿನಲ್ಲಿ ಬಸ್ಸು ಸಿಕ್ಕಿಹಾಕಿಕೊಂಡಾಗ ಮಾತ್ರ ನಡೆದು ಹೋಗಿ ಹತ್ತಲು ಆಗುತ್ತಿತ್ತು.

ಅಂಗಡಿಗೆ ದಿನಾ ತಡ. ಯಜಮಾನಿ ಒಳ್ಳೆಯವಳೇ, ಆದರೆ ಮದುವೆಯ ಸೀಸನ್ನು, ಅವಳ ತಲೆಯ ಮೇಲೂ ಬೆಟ್ಟದಷ್ಟು ಸೀರೆ. "ಆಂಟೀ, ಕಲ್ ಭೀ ಲೇಟ್ ಹುವಾ ತೋ ಮೈ ಕ್ಯಾ ಕರೂಂ, ಬೋಲೋ," ಅಂದಳು. ನಾಳೆಯೂ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂಬುದನ್ನು ಅಷ್ಟು ಮೆತ್ತಗೆ ಹೇಳಿದ್ದು.

ಮನೆಗೆ ಬಂದು ಹೇಳಿದರೆ ಇವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ದೊಡ್ಡ ಮಾತು ಬರುತ್ತಿದೆ ಎಂದು ಅದರ ಅರ್ಥ.

"ತಪ್ಪು ನಿಂದ ಐತಿ. ಶಿಸ್ತಿನಿಂದ ನಿಂತು ಕೈ ಮಾಡಿದ್ರ ಯಾವ ಬಸ್ಸರ ನಿಲ್ಲಂಗಿಲ್ಲ? ನಾಳೆ ನಾನ ಬರ್ತೀನಿ. ನಿನ್ನ ಹತ್ತಿಸಿ ಬರ್ತೀನಿ. ಆದ್ರ ನಾ ಹೇಳಿದಂಗ ಆತಂದ್ರ, ಇನ್ನ ಮ್ಯಾಲೆ ಬಸ್ಸಿನ ಪುರಾಣ ನನ್ನ ಮುಂದ ತೆಗಿಬಾರ್ದು."

"ಬರ್ರಿ," ಅಂದೆ. "ಬಂದು ನೋಡ್ರಿ."

ಮರುದಿನ ಇವರು ಇಸ್ತ್ರಿ ಅಂಗಿ ಹಾಕಿ, ಬೂಟು ಒರೆಸಿ, ವಾಚು ಕಟ್ಟಿಕೊಂಡು ಬಂದರು. ಚಾವಣಿಯ ಕೆಳಗೆ ಎದೆ ಸೆಟೆಸಿ ನಿಂತರು. ಬುರ್ಖಾದ ಆಯಾ ನನ್ನ ಕಡೆ ನೋಡಿ, ಯಾರಿವರು ಎಂದು ಹುಬ್ಬಿನಲ್ಲೇ ಕೇಳಿದಳು. ನಮ್ಮವರೇ ಎಂದೆ. ಬಸ್ಸು ಬಂತು. ಇವರು ಕೈ ಎತ್ತಿದರು, ಕಾರ್ಖಾನೆಯ ಡ್ರೈವರನಿಗೆ ಎತ್ತುತ್ತಿದ್ದ ಹಾಗೆ, ಎರಡೇ ಬೆರಳು. ಬಸ್ಸು ನಮ್ಮ ಮುಖಕ್ಕೆ ಧೂಳು ಎರಚಿ ಮುಂದೆ ಹೋಯಿತು. ಜನ ಓಡಿದರು. ಜನರ ಜೊತೆ ಇವರೂ ಓಡಿದರು!

ಅಬ್ಬಬ್ಬಾ, ಏನು ಓಟ ಅದು! ಒಂದು ಕೈಯಲ್ಲಿ ಕನ್ನಡಕ ಹಿಡಿದುಕೊಂಡು, ಬೂಟು ಟಪಟಪ ಬಡಿಯುತ್ತ, ಗಂಡಸರ ಹಿಂಬಾಗಿಲಿನ ಸರಳು ಹಿಡಿದೇಬಿಟ್ಟರು. ಒಳಗಿನ ಯಾರೋ ರಟ್ಟೆ ಹಿಡಿದು ಎಳೆದುಕೊಂಡರು. ಬಸ್ಸು ಹೊರಟೇ ಹೋಯಿತು. ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ಎಲ್ಲಿದ್ದಿ? ಮುಂದಿನ ಬಾಗಲದಾಗ ಕಾಣವಲ್ಲಿ."

"ಸ್ಟಾಪಿನ್ಯಾಗ ಅದೀನ್ರಿ."

"ಹತ್ತಲಿಲ್ಲೇನು?"

"ನೀವು ಹತ್ತಿದ್ರಿ."

ಸಣ್ಣ ದನಿಯಲ್ಲಿ, "ಎಲ್ಲಾರೂ ಓಡಿದ್ರು, ನಾನೂ ಓಡಿಬಿಟ್ಟೆ. ನಿನ್ನ ನೋಡ್ಲೇ ಇಲ್ಲ," ಅಂದರು.

ಫೋನ್ ಇಟ್ಟು ನಕ್ಕೆ. ನಗುತ್ತ ನಗುತ್ತಲೇ ಸಿಟ್ಟು ಬಂತು. ಎಲ್ಲಿಗೂ ಹೋಗಬೇಕಿಲ್ಲದ ಮನುಷ್ಯ ಬಸ್ಸಿನಲ್ಲಿ ಹೋದ. ಹೋಗಲೇಬೇಕಾದ ನಾನು ಇಲ್ಲಿ ಧೂಳು ತಿನ್ನುತ್ತ ನಿಂತಿದ್ದೇನೆ. ಕಾಲು ಗಟ್ಟಿ ಇದ್ದವರಿಗೆ ಮಾತ್ರ ಈ ಊರೇ? ಅದೂ ಇದೂ ಯೋಚಿಸುವಷ್ಟರಲ್ಲಿ ಹಿಂದಿನ ಬಸ್ಸು ಕಾಣಿಸಿತು. ಇದು ತಪ್ಪಿದರೆ ಕೆಲಸ ಹೋದ ಹಾಗೆಯೇ. ಚಾವಣಿಯ ಕೆಳಗಿನಿಂದ ಹೊರಬಂದೆ, ಆಟೋಗಳನ್ನು ದಾಟಿದೆ, ರಸ್ತೆಯ ಮಧ್ಯಕ್ಕೆ ಹೋಗಿ ಬಸ್ಸಿಗೆ ಎದುರಾಗಿ ಕೈ ಎತ್ತಿ ನಿಂತೆ.

ಹಾರ್ನ್ ಕಿವಿ ಹರಿದುಹೋಗುವ ಹಾಗೆ ಬಡಿಯಿತು. ಹೆದರಿಕೆಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಸರಿಯಲಿಲ್ಲ. ಬ್ರೇಕು ಕಿರ್ ಎಂದು, ಬಸ್ಸು ನನ್ನಿಂದ ಒಂದು ಮಾರು ದೂರದಲ್ಲಿ ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿದ.

"ಏಮ್ಮಾ, ಚಾವಾಲನುಂದಾ?" ಸಾಯುವ ಆಸೆಯೇ ಎಂದು ಕೇಳಿದ.

"ಲೇದು ನಾಯನಾ, ಎಕ್ಕಾಲನುಂದಿ," ಅಂದೆ. ಹತ್ತುವ ಆಸೆ.

ಅಷ್ಟರಲ್ಲಿ, ಮೊದಲಿನ ಬಸ್ಸು ಸಿಗದೆ ಉಳಿದಿದ್ದ ಆಯಾ ಮತ್ತು ನಮ್ಮ ಹೆಂಗಸರು ಮುಂಬಾಗಿಲಿನಲ್ಲಿ ಹತ್ತತೊಡಗಿದ್ದರು, ಯಾರೂ ಓಡದೆ, ಒಬ್ಬರ ಹಿಂದೆ ಒಬ್ಬರು. ಡ್ರೈವರ್ ಹಣೆ ಬಡಿದುಕೊಂಡ. ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿದೆ, ಎಲ್ಲ ಸ್ಟಾಪಿನಲ್ಲೂ ಹೀಗೆ ನಿಂತರೆ ಟೈಮಿಗೆ ಮುಟ್ಟಿಸಲು ಆಗುವುದಿಲ್ಲ, ಡಿಪೋದಲ್ಲಿ ಬೈಸಿಕೊಳ್ಳುವವನು ನಾನು ಎಂದು ಕೂಗಿದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಾಗಂತ ನಾನು ಮನೆಯಲ್ಲಿ ಕೂರಬೇಕೇ? ಅವನ ಬೈಗುಳ ಅವನಿಗೆ, ನನ್ನ ಬೈಗುಳ ನನಗೆ ಎಂದು ಬಾಗಿಲಿನ ಕಡೆ ಹೆಜ್ಜೆ ಹಾಕಿದೆ. ನಾನು ಎದುರಿನಿಂದ ಸರಿದದ್ದೇ ತಡ, ಬಸ್ಸು ಗುರ್ ಎಂದು ಅಲುಗಿತು. ಎಲ್ಲರನ್ನೂ ಹತ್ತಿಸಿ ನನ್ನೊಬ್ಬಳನ್ನೇ ಬಿಟ್ಟುಹೋಗುವ ಹುನ್ನಾರ!

ಆಯಾ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, ಇನ್ನೊಂದನ್ನು ರಸ್ತೆಯ ಮೇಲೇ ಊರಿ, ಸರಳು ಹಿಡಿದು ನಿಂತುಬಿಟ್ಟಳು. "ಅಮ್ಮಾ ನೈ ಚಢೇ ತಕ್ ಮೈ ಪಾಂವ್ ನೈ ಉಠಾತೀ," ಅಂದಳು. ನಾನು ಹತ್ತುವ ತನಕ ಕಾಲೆತ್ತುವುದಿಲ್ಲವಂತೆ. ಡ್ರೈವರ್ ಏನು ಮಾಡಿಯಾನು? ನಾನು ನನ್ನ ನಡಿಗೆಯಲ್ಲೇ ನಡೆದು, ಸರಳು ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿದೆ.

ಇಷ್ಟೆಲ್ಲ ಆಗಿ ಅಂಗಡಿ ಮುಟ್ಟಿದರೆ, ನನ್ನ ಜಾಗದಲ್ಲಿ ಬೇರೊಬ್ಬಳು ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಯಜಮಾನಿ ನನ್ನ ಮುಖ ನೋಡಲಿಲ್ಲ. ಹುಡುಗಿಯ ಮನೆ ಇಲ್ಲೇ ಹಿಂದಿನ ಗಲ್ಲಿ, ನೀವು ಇನ್ನು ಮನೆಯಲ್ಲಿ ಆರಾಮ ಮಾಡಿ ಆಂಟೀ ಎಂದಳು. ಅಲ್ಲಿ ಮಾತ್ರ ಅಳಬಾರದೆಂದು ನನ್ನ ಕತ್ತರಿ, ಕುಚ್ಚಿನ ರೇಷ್ಮೆ ಎಳೆಗಳನ್ನು ಚೀಲಕ್ಕೆ ತುಂಬಿಕೊಂಡು ಇಳಿದು ಬಂದೆ.

ಸಂಜೆ ಇವರಿಗೆ ಎಲ್ಲವನ್ನೂ ಹೇಳಿದೆ. ಬಸ್ಸಿನ ಎದುರಿಗೆ ನಿಂತ ಮಾತು ಬಂದಾಗ ಇವರ ಮುಖ ಬಿಳಿಚಿಕೊಂಡಿತು.

"ಹುಚ್ಚಿ ಏನ ನೀ? ಬ್ರೇಕ್ ಹತ್ತದಿದ್ರ?"

"ಹತ್ತಿತಲ್ರಿ."

"ಹೋಗ್ಲಿ ಬಿಡು. ಕೆಲಸಾನೂ ಹೋತು, ಪೀಡಾನೂ ಹೋತು. ಇನ್ನ ಮನ್ಯಾಗ ಇರು. ನನಗ ಅಂಜಿಕಿ ಆಗತೈತಿ," ಅಂದರು. ಅಂಜಿಕೆ ನಿಜವಾದದ್ದೇ. ಪಾಪ ಅನ್ನಿಸಿತು. ಆದರೆ ಅವರ ಅಂಜಿಕೆಗೆಂದು ನಾನು ಮನೆ ಹಿಡಿದು ಕೂತರೆ, ಎದ್ದು ಹೊರಗೆ ಹೋಗುವ ದಿನ ಮತ್ತೆ ಬರುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ರೊಟ್ಟಿ ಬಡಿಯಲು ಎದ್ದೆ.

ಬೆಳಿಗ್ಗೆ ಎಂದಿನಂತೆ ಸ್ನಾನ ಮಾಡಿ, ಸೀರೆ ಉಟ್ಟು, ಚೀಲ ಹೆಗಲಿಗೆ ಹಾಕಿದೆ. ಇವರು ಪೇಪರ್ ಕೆಳಗಿಳಿಸಿದರು.

"ಕೆಲಸ ಹೋತಲ್ಲ, ಈಗೆಲ್ಲಿಗೆ ಹೊಂಟಿ?"

"ಬಸ್ಸಿಗೆ," ಅಂದೆ.

ರಸ್ತೆಗಿಳಿದು ಎದುರಾಗಿ ನಿಂತಾಗ ನಾನು ಒಬ್ಬಳೇ ಇರಲಿಲ್ಲ. ಆಯಾ ಬಲಕ್ಕೆ ಬಂದು ನಿಂತಳು, ಹೆಸರು ಗೊತ್ತಿಲ್ಲದ ಇನ್ನಿಬ್ಬರು ಎಡಕ್ಕೆ. ಡ್ರೈವರ್ ಬೇರೆಯವನು, ಹಾರ್ನ್ ಅದೇ. ಬಸ್ಸು ನಿಂತಿತು, ನಾವು ನಡೆದು ಹತ್ತಿದೆವು. ದಿನಾ ನೋಡುವ ಮುಖವಾದ್ದರಿಂದ ಕಂಡಕ್ಟರಮ್ಮ ನನ್ನನ್ನು ಕೇಳದೆಯೇ ಹಿಮಾಯತ್‌ನಗರದ ಟಿಕೆಟ್ ಒತ್ತಲು ಹೊರಟಳು. "ಕಾದಮ್ಮಾ," ಎಂದು ತಡೆದೆ. ಅಲ್ಲಿಗಲ್ಲ, ಕೊನೆಯ ಸ್ಟಾಪಿಗೆ, ಕೋಠಿಗೆ.

ಹಿಮಾಯತ್‌ನಗರ ಬಂತು. ಏಳಲಿಲ್ಲ. ಕೋಠಿಯಲ್ಲಿ ಬಟ್ಟೆ ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಇಳಿದು, ಮೂಲೆಯ ಮೊದಲ ಸೀರೆ ಅಂಗಡಿಯ ಮೆಟ್ಟಿಲು ಹತ್ತಿ, ನಾನು ಕುಚ್ಚು ಕಟ್ಟುವವಳು ಎಂದೆ.