ಬಿಗಿಯಪ್ಪ ಮತ್ತು ಅಕ್ಕನ ಕಿಟಕಿ

ಏಯ್, ಹಾಗೆ ಹುಬ್ಬು ಹಾರಿಸ್ಬೇಡ. ಸುಳ್ಳು ಅಂತ ನೀನಂದ ಮಾತ್ರಕ್ಕೆ ಸುಳ್ಳಾಗಿಬಿಡುತ್ತಾ? ಬೀದೀಲಿ ಇಟ್ಟಿದ್ದ ಕುರ್ಚಿ ಬಿಸಿಲು ತಡೀಲಾರ್ದೆ ತಾನೇ ಎದ್ದು ಒಳಗೆ ಬಂತು ಅಂದಿದ್ದು ಸ್ವಲ್ಪ ಹೆಚ್ಚಾಯ್ತು, ಒಪ್ಕೋತೀನಿ. ಒಳಗೆ ತಂದವರು ಯಾರು ಅಂತ ಗೊತ್ತಾಗ್ಲಿಲ್ಲ, ಅಷ್ಟೇ. ಆದ್ರೆ ಅಂಗಡೀಲಿ ಸಾಲಾಗಿ ನಿಲ್ಲಿಸಿದ್ದ ಮೇಣದಬತ್ತಿಗಳೆಲ್ಲಾ ಸೊಂಟ ಬಗ್ಗಿಸಿ ಗಿರಾಕಿಗಳಿಗೆ ನಮಸ್ಕಾರ ಹೊಡೀತಾ ನಿಂತಿದ್ದು ನಿಜ. ಟಾರು ರಸ್ತೆ ಅಂಚೆಯವನ ಒಂದು ಚಪ್ಪಲಿ ನುಂಗಿ, ಇನ್ನೊಂದಕ್ಕೆ ಬಾಯಿ ತೆರ್ಕೊಂಡು ಕಾಯ್ತಿದ್ದದ್ದೂ ನಿಜ. ಮತ್ತೆ ಬಿಗಿಯಪ್ಪ ಒಂದು ಮಂಜುಗಡ್ಡೆ ಹಿಡ್ಕೊಂಡು ಕಿಟಕಿ ತೆಗೆದಿದ್ದು ಅವೆರಡಕ್ಕಿಂತ ನಿಜ. ಏನು? ಕಿಟಕಿ ತೆಗೆಯೋಕೆ ಮಂಜುಗಡ್ಡೆ ಯಾಕೆ ಅಂತೀಯಾ? ಕಿಟಕಿ ತೆಗೆಯೋಕೆ ಕೈ ಸಾಕು ಅಂದ್ಕೊಂಡಿದೀಯಲ್ಲ, ನೀನು ಬಿಗಿಯಪ್ಪನ ಕೈಚಳಕ ನೋಡಿಲ್ಲ. ಸುಮ್ನೆ ಕೇಳು.

ಆ ಊರಿಗೆ ಸೂರ್ಯ ಅಂದ್ರೆ ದೂರದ ನೆಂಟ ಇದ್ದ ಹಾಗೆ. ಯಾವಾಗ್ಲೋ ಒಮ್ಮೆ ಬರ್ತಿದ್ದ, ಬಂದ್ರೆ ಎಲ್ಲರೂ ಕುರ್ಚಿ ಹೊರಗೆ ಹಾಕ್ಕೊಂಡು ಉಪಚಾರ ಮಾಡ್ತಿದ್ರು, ಕಾಫಿ ಮುಗಿಯೋಷ್ಟರಲ್ಲಿ ಅವನು ಮೋಡದ ಹಿಂದೆ ಹೊರಟುಹೋಗ್ತಿದ್ದ. ಹಾಗಾಗಿ ಅಲ್ಲಿಯವರು ಮನೆ ಕಟ್ಟೋದೇ ಬೇರೆ ಥರ. ಗೋಡೆ ದಪ್ಪ, ಸೂರು ತಗ್ಗು, ಮೇಲೆಲ್ಲಾ ಕಪ್ಪು ಡಾಂಬರು. ಬಿದ್ದ ಒಂದು ಚೂರು ಶಾಖಾನೂ ಹೊರಗೆ ಬಿಡಬಾರದು ಅನ್ನೋ ಲೆಕ್ಕಾಚಾರ. ಫ್ಯಾನು ಅನ್ನೋದನ್ನ ಅವರು ನೋಡಿದ್ದು ಸಿನಿಮಾದಲ್ಲಿ ಮಾತ್ರ.

ಅಂಥ ಊರಲ್ಲಿ ಬಿಗಿಯಪ್ಪ ಬಣ್ಣ ಹೊಡೆಯೋನು. ಮನೆಯವರು ಇಟ್ಟ ಹೆಸರು ಬೇರೆ ಏನೋ ಇತ್ತು, ಅವನಿಗೇ ಮರೆತುಹೋಗಿತ್ತು. ಗೋಡೆಗೆ ಯಾರು ಬೇಕಾದ್ರೂ ಬಣ್ಣ ಹೊಡೀತಾರೆ, ಅವನ ಕೀರ್ತಿ ಇದ್ದದ್ದು ಕಿಟಕೀಲಿ. ಚಳಿ ಶುರುವಾಗೋ ಮುಂಚೆ ಒಂದೊಂದೇ ಮನೆಗೆ ಬರೋನು, ಕಿಟಕಿ ಬಾಗಿಲುಗಳನ್ನ ಮುಚ್ಚಿ, ಬಾಗಿಲಿಗೂ ಚೌಕಟ್ಟಿಗೂ ನಡುವೆ ಇರೋ ಸಂದಿನ ಮೇಲೆ ಗಟ್ಟಿ ಬಣ್ಣದ ಒಂದು ಉದ್ದ ಗೆರೆ ಎಳೆಯೋನು. ಎಳೆಯೋವಾಗ ಉಸಿರು ಹಿಡಿಯೋನು. ಗೆರೆ ಒಣಗಿದ ಮೇಲೆ ಆ ಸಂದಿನ ಹತ್ರ ದೀಪ ಹಿಡಿದ್ರೆ ಜ್ವಾಲೆ ಅಲ್ಲಾಡ್ತಿರ್ಲಿಲ್ಲ. "ಗಾಳಿಗೆ ನಿನ್ನ ಕಂಡ್ರೆ ಆಗಲ್ಲ ಕಣೋ ಬಿಗಿಯಪ್ಪ," ಅಂತ ಜನ ನಗೋರು. ಅವನು ಬ್ರಷ್ಷು ಒರೆಸ್ತಾ, "ನಂಗೂ ಅದನ್ನ ಕಂಡ್ರೆ ಆಗಲ್ಲ ಬಿಡಿ," ಅನ್ನೋನು.

ತಮಾಷೆಗೆ ಹೇಳ್ತಿದ್ದ ಮಾತಲ್ಲ ಅದು. ಅವನನ್ನ ಸಾಕಿದ್ದು ಅವನ ಅಕ್ಕ. ತಾಯಿ ಹೋದಾಗ ಇವನು ಇನ್ನೂ ಅಂಬೆಗಾಲಿಕ್ಕಿ ಓಡಾಡೋ ಕೂಸು. ಅಕ್ಕ ಮೂರನೇ ಮಹಡಿಯ ಒಂದೇ ಕೋಣೇಲಿ ಹೊಲಿಗೆ ಮಿಷನ್ನು ಇಟ್ಕೊಂಡು, ಕೋಟುಗಳಿಗೆ ಒಳಪದರ ಹೊಲಿದು ಹೊಟ್ಟೆ ಹೊರೆದಳು. ಮದುವೆ ಅಂದ್ರೆ, "ಒಬ್ಬ ಗಂಡಸನ್ನ ಸಾಕಿದ್ದೇ ಸಾಕು," ಅನ್ನೋಳು. ಅವಳ ಎದೆ ಮಾತ್ರ ಮೊದಲಿಂದಲೂ ನಾಜೂಕು. ಕಿಟಕಿ ಸಂದಿನಿಂದ ದಾರದಷ್ಟು ಗಾಳಿ ಬಂದ್ರೆ ರಾತ್ರಿಯಿಡೀ ಕೆಮ್ಮು. ಒಂದು ಚಳಿಗಾಲ ಆ ಕೆಮ್ಮು ಕೇಳಿ ಕೇಳಿ ತಮ್ಮನಿಗೆ ಅಳು ಬಂತು. ಪಕ್ಕದ ಮನೆಯವರು ಬಿಸಾಡಿದ್ದ ಡಬ್ಬದಲ್ಲಿ ಉಳಿದಿದ್ದ ಹಸಿರು ಬಣ್ಣ ತಂದು, ಬೆರಳಲ್ಲೇ ಮೆತ್ತಿ ಸಂದು ಮುಚ್ಚಿದ. ಕೆಮ್ಮು ನಿಂತ್ಹೋಯ್ತು. ಅವನ ಕಸುಬು ಹುಟ್ಟಿದ್ದು ಹಾಗೆ. ಆಮೇಲೆ ಪ್ರತಿ ವರ್ಷ, ಊರವರ ಕಿಟಕಿಗಳೆಲ್ಲಾ ಮುಗಿದ ಮೇಲೆ ಯಾವ ಡಬ್ಬದಲ್ಲಿ ಏನು ಉಳಿದಿರುತ್ತೋ ಅದನ್ನ ತಂದು ಅಕ್ಕನ ಕಿಟಕಿಗೆ ಇನ್ನೊಂದು ಪದರ ಬಳಿಯೋನು. ಬಳಿದೂ ಬಳಿದೂ ಅದು ಕಿಟಕಿಯೋ ಗೋಡೆಯೋ ಗೊತ್ತಾಗದ ಹಾಗಾಯ್ತು.

ಆ ಬೇಸಿಗೆ ಬಂದಾಗ ಅಕ್ಕನಿಗೆ ತಲೆ ಪೂರ್ತಿ ಬೆಳ್ಳಗಾಗಿತ್ತು, ಇವನಿಗೂ ಅರ್ಧ.

ಮೊದಲನೇ ದಿನ ಊರಿಗೆಲ್ಲಾ ಖುಷಿಯೋ ಖುಷಿ. ನೆಂಟ ಬಂದ! ಹೊರಗೆ ಕುರ್ಚಿ, ತೋಳಿಲ್ಲದ ಅಂಗಿ. ಎರಡನೇ ದಿನವೂ ನೆಂಟ ಹೊರಡಲಿಲ್ಲ. ಆಮೇಲೆ ಉಪಚಾರ ಸಾಕಾಯ್ತು, ನೆಂಟ ಮಾತ್ರ ಅಲ್ಲಾಡಲಿಲ್ಲ. ಔಷಧಿ ಅಂಗಡಿ ಮುಂದೆ ನೇತುಹಾಕಿದ್ದ ಥರ್ಮಾಮೀಟರಿನ ಕೆಂಪು ಗೆರೆ ತುದಿಗೆ ಹೋಗಿ ನಿಂತುಬಿಟ್ಟಿತ್ತು, ಮುಂದೆ ಹೋಗೋಕೆ ಜಾಗ ಇರ್ಲಿಲ್ಲ. ಜನ ಅದನ್ನ ನೋಡೋಕೇ ಗುಂಪು ಕಟ್ಟೋರು. ಬಾಯಿ ಬಿಟ್ಕೊಂಡು ನೋಡೋರು, ಹೋಗೋರು. ಬಿಗಿಯಪ್ಪ ಒಂದು ಮಧ್ಯಾಹ್ನ ಬೀದಿ ನಡುವೆ ನಿಂತು ತಲೆ ಎತ್ತಿದ. ನೀಲಿ ಇರ್ಲಿಲ್ಲ. ಈ ಅಂಚಿಂದ ಆ ಅಂಚಿನವರೆಗೂ ಬರೀ ಬಿಳಿ, ಕಾದ ತವೆಯನ್ನ ಬೋರಲು ಹಾಕಿದ ಹಾಗೆ. ಒಂದು ಹಕ್ಕಿ ಇಲ್ಲ, ಸದ್ದಿಲ್ಲ. ಅವನಿಗೆ ಭಯಕ್ಕಿಂತ ಹೆಚ್ಚಾಗಿ ಏನೋ ಒಂದು ಗೌರವ ಬಂತಂತೆ. ಇಷ್ಟು ದೊಡ್ಡದೊಂದು ನಮ್ಮ ತಲೆ ಮೇಲೇ ಇತ್ತಲ್ಲ, ನಾವು ಅದನ್ನ ಕಾಫಿಗೆ ಕರೀತಿದ್ವಲ್ಲ ಅಂತ.

ಮನೆಗಳದ್ದೇ ದೊಡ್ಡ ಕಥೆ. ಕಟ್ಟಿದ್ದೇ ಶಾಖ ಹಿಡಿದಿಡೋಕೆ ತಾನೇ? ಅವು ನಿಯತ್ತಾಗಿ ತಮ್ಮ ಕೆಲಸ ಮಾಡಿದ್ವು. ಹಗಲು ಕುಡಿದಿದ್ದನ್ನ ರಾತ್ರಿ ಒಳಗೆ ಕಾರೋವು. ಬಿಗಿಯಪ್ಪ ಮೆಟ್ಟಿಲು ಹತ್ತೋವಾಗ ಗೋಡೆ ಮುಟ್ಟಿದ್ರೆ, ದೊಡ್ಡ ಪ್ರಾಣಿಯೊಂದರ ಹೊಟ್ಟೆ ಮುಟ್ಟಿದ ಹಾಗೆ ಬೆಚ್ಚಗೆ. ಜನ ಕಿಟಕಿ ತೆಗೆಯೋಕೆ ಹೋದ್ರು, ಒಂದಾದ್ರೂ ಅಲ್ಲಾಡ್ಬೇಕಲ್ಲ! ಎಲ್ಲದಕ್ಕೂ ಬಿಗಿಯಪ್ಪನ ಗೆರೆ. ಮನೆ ಬಿಟ್ಟು ಬೀದಿಗೆ ಬಂದು, ಗೋಡೆ ನೆರಳಲ್ಲಿ ಚಾಪೆ ಹಾಸ್ಕೊಂಡು ಬಿದ್ಕೊಂಡ್ರು. ಇವನು ಹಾದುಹೋದ್ರೆ, "ಬಾರಪ್ಪಾ ಗಾಳಿ ವೈರಿ, ಬಾ," ಅನ್ನೋರು. ಈ ಸಲ ಯಾರೂ ನಗ್ತಿರ್ಲಿಲ್ಲ.

ಬೀದಿಗೆ ಬರೋಕೆ ಆಗದೇ ಇದ್ದವಳು ಅಕ್ಕ ಒಬ್ಬಳೇ. ಇಳಿಸೋಕೆ ನೋಡಿದ್ರು. ಮೆಟ್ಟಿಲು ಕಡಿದು, ಒಬ್ಬರಿಗಷ್ಟೇ ದಾರಿ. ಎರಡನೇ ಮೆಟ್ಟಿಲಿಗೇ ಅವಳ ತುಟಿ ನೀಲಿಯಾಯ್ತು, ವಾಪಸ್ ಹಾಸಿಗೆಗೆ ತಂದು ಮಲಗಿಸಿದ್ರು. ಡಾಕ್ಟರಮ್ಮ ಬಂದು ಎದೆಗೆ ಕಿವಿ ಕೊಟ್ಟು ಕೇಳಿ, ಬಿಗಿಯಪ್ಪನ್ನ ಬಾಗಿಲ ಹತ್ರ ಕರೆದ್ರು. "ಇಳಿಸ್ಬೇಡಿ, ಹೃದಯ ತಡೆಯಲ್ಲ. ಆದ್ರೆ ಈ ಕೋಣೇಲಿ ಗಾಳಿ ಆಡ್ಬೇಕು. ಇವತ್ತು ಸಂಜೆಯೊಳಗೆ ಆಡ್ಬೇಕು. ಗೊತ್ತಾಯ್ತಾ?" ಅಂದ್ರು. ಅವನಿಗೆ ಗೊತ್ತಾಯ್ತು.

ಒಡೆದು ಹಾಕಬಹುದಿತ್ತಲ್ಲ ಅಂತ ನಿನ್ನ ನಾಲಿಗೆ ತುದೀಲಿದೆ, ಗೊತ್ತು. ಆ ಕಿಟಕಿಗೆ ಇದ್ದದ್ದು ದಪ್ಪ ಹಲಗೆಯ ಬಾಗಿಲು, ಮೇಲೆ ಅಂಗೈಯಷ್ಟು ಒಂದು ಗಾಜು. ಆ ಗಾಜು ಒಡೆದ. ಒಂದು ಬೊಗಸೆ ಬಿಸಿ ಬಂತು, ಅಷ್ಟೇ. ಕೊಡಲಿ ಹಾಕೋಣ ಅಂದ್ರೆ ಸೂರಿನ ತೊಲೆ ಕೂತಿದ್ದೇ ಆ ಚೌಕಟ್ಟಿನ ಮೇಲೆ. ಚೌಕಟ್ಟು ಅದುರಿದ್ರೆ ಸೂರು ಅಕ್ಕನ ಎದೆ ಮೇಲೆ. ಉಳಿದದ್ದು ಒಂದೇ ದಾರಿ, ತಾನು ಬಳಿದದ್ದನ್ನ ತಾನೇ ಕುಯ್ಯಬೇಕು.

ಕೆರೆಯೋ ಉಳಿ ತಗೊಂಡು ಶುರುಮಾಡಿದ. ಆ ಶಾಖಕ್ಕೆ ಬಣ್ಣ ಮೆತ್ತಗಾಗಿ ಬೆಲ್ಲದ ಪಾಕದ ಹಾಗಾಗಿತ್ತು. ಉಳಿ ಮುಂದೆ ಹೋದ್ರೆ ಹಿಂದೆ ಸಂದು ಮತ್ತೆ ಕೂಡ್ಕೊಳ್ಳೋದು, ನೀರಲ್ಲಿ ಗೆರೆ ಎಳೆದ ಹಾಗೆ. ಎಳೆದ, ಒರೆಸಿದ, ಮತ್ತೆ ಎಳೆದ. ಬೆವರು ಕಣ್ಣಿಗಿಳೀತು. ಹಿಂದೆ ಹಾಸಿಗೆ ಪಕ್ಕ ಕೆಳಮನೆಯ ಮೀನಮ್ಮ ಕೂತಿದ್ಲು. ಮೀನು ಮಾರೋಳು, ಗಂಟಲು ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಊರಿನ ಐಸ್ ಕಾರ್ಖಾನೆ ಕೆಟ್ಟು ನಿಂತಿತ್ತು, ತನ್ನ ಪೆಟ್ಟಿಗೇಲಿ ಉಳಿದಿದ್ದ ಕೊನೇ ಗಡ್ಡೆ, ಒಂದು ಮಗುವಿನ ತಲೆಯಷ್ಟು, ಅದನ್ನ ಬೋಗುಣೀಲಿ ತಂದಿಟ್ಟಿದ್ಲು. ಅದಕ್ಕೆ ಬಟ್ಟೆ ಒತ್ತಿ ಒತ್ತಿ ಅಕ್ಕನ ಎದೆ ಮೇಲೆ ಹಾಕೋಳು. ಬಟ್ಟೆ ಹಾಕಿದಾಗ ಅಕ್ಕ ಉಸಿರೆಳೆಯೋಳು, ಬಟ್ಟೆ ಬೆಚ್ಚಗಾದ್ರೆ ಉಸಿರು ಸಿಕ್ಕೋದು.

"ಏನು ಮಹಾರಾಯ, ಕಿಟಕಿಗೆ ಕ್ಷೌರ ಮಾಡ್ತಿದೀಯಾ?" ಅಂದ್ಲು ಮೀನಮ್ಮ.

"ಉಳಿ ಹಿಡಿಯೋಕಾಗ್ತಿಲ್ಲ, ಕೆಂಡದ ಹಾಗಿದೆ," ಅಂತ ಅವನು ಉಳೀನ ಒಂದು ಕ್ಷಣ ಬೋಗುಣಿಯ ಗಡ್ಡೆಗೆ ತಾಗಿಸಿದ. ತಣ್ಣಗಾದ ಉಳೀನ ಮತ್ತೆ ಸಂದಿಗಿಟ್ಟು ಒತ್ತಿದ.

ಟಿಕ್.

ಉಗುರಿನಷ್ಟು ಬಣ್ಣ ಸಿಡಿದು ಕೆಳಗೆ ಬಿತ್ತು. ಎತ್ಕೊಂಡು ನೋಡಿದ. ಗಾಜಿನ ಹಾಗೆ ಗಟ್ಟಿ, ಗಾಜಿನ ಹಾಗೇ ಒಡೆದಿತ್ತು. ಅದರ ಅಂಚಲ್ಲಿ ಹಸಿರು, ನೀಲಿ, ಕೆನೆಬಣ್ಣ, ಮತ್ತೆ ನೀಲಿ, ಕಂದು, ಬಿಳಿ. ಮರ ಕುಯ್ದಾಗ ಕಾಣೋ ಬಳೆಗಳ ಹಾಗೆ, ಅವನೂ ಅಕ್ಕನೂ ಕಳೆದ ವರ್ಷಗಳೆಲ್ಲಾ ಒಂದರ ಮೇಲೊಂದು ಕೂತಿದ್ವು. ಅವನಿಗೆ ಉಪಾಯ ಹೊಳೀತು. ತಣ್ಣಗಿದ್ರೆ ಬಣ್ಣ ಒಡೆಯುತ್ತೆ. ತಣ್ಣಗಿರೋದು ಇಡೀ ಊರಲ್ಲಿ ಒಂದೇ ಒಂದು, ಅದು ಅಕ್ಕನ ಎದೆಯ ಪಾಲಿಂದು. ಸುಮ್ಮನೆ ಉಳಿ ತಗೊಂಡು ಮತ್ತೆ ಆ ಪಾಕ ಕುಯ್ಯೋಕೆ ನಿಂತ.

ಅಕ್ಕ ಕಣ್ಣು ಮುಚ್ಚಿದ್ರೂ ಎಲ್ಲಾ ನೋಡ್ತಿದ್ಲು. "ಲೋ," ಅಂದ್ಲು. "ತಗೋ ಅದನ್ನ."

"ಯಾವುದನ್ನ?"

"ಪೆದ್ದನ ಹಾಗೆ ಆಡ್ಬೇಡ. ಟಿಕ್ ಅಂದಿದ್ದು ನಂಗೂ ಕೇಳಿಸ್ತು."

"ಅದು ಬಿಟ್ರೆ ನಿಂಗೆ ಬೇರೇನೂ ಇಲ್ಲಕ್ಕಾ. ಅರ್ಧ ಸಂದಿಗೇ ಕರಗಿಹೋದ್ರೆ?"

"ಇಲ್ಲೇ ಇಟ್ರೆ ಕರಗಲ್ವಾ? ಬೋಗುಣೀಲಿ ಕೂತ್ಕೊಂಡು ಮರಿ ಹಾಕುತ್ತಾ ಅದು?" ಉಸಿರಿಗೆ ನಿಂತಳು. "ಕಿಟಕಿ ತೆಗೀಲಿಲ್ಲ ಅಂದ್ರೆ ಬೈಯೋಕೆ ನಾನಿರಲ್ಲ. ನಿಂಗೆ ಲಾಭಾನೇ."

"ಅಕ್ಕಾ!"

"ಅಕ್ಕ ಇನ್ನೂ ಇದಾಳೆ. ತಗೋ."

ಬಿಗಿಯಪ್ಪ ಮೀನಮ್ಮನ ಮುಖ ನೋಡಿದ. ಅವಳು ಎದೆ ಮೇಲಿನ ಬಟ್ಟೆ ಕೊನೇ ಸಲ ಒದ್ದೆ ಮಾಡಿ ಹಾಕಿ, ಬೋಗುಣೀನ ಅವನ ಕಡೆ ತಳ್ಳಿದ್ಲು.

ಆಮೇಲೆ ನಡೆದದ್ದನ್ನ ಅವನು ಹೇಳ್ತಿದ್ದ, ನಾನು ಕೇಳ್ತಿದ್ದೆ, ಕೇಳೋವಾಗೆಲ್ಲಾ ನನ್ನ ಮೈ ಜುಮ್ ಅನ್ನೋದು. ಗಡ್ಡೇನ ಎರಡೂ ಕೈಲಿ ಹಿಡಿದು, ಬ್ರಷ್ಷು ಎಳೆಯೋ ಹಾಗೇ ಉಸಿರು ಹಿಡಿದು, ಸಂದಿನ ಮೇಲೆ ಕೆಳಗಿಂದ ಮೇಲಕ್ಕೆ ಎಳೆದ. ಅವನು ಜೀವಮಾನವಿಡೀ ಎಳೆದ ಗೆರೆಯೇ, ಈ ಸಲ ನೀರಲ್ಲಿ. ಎಳೆದ ಜಾಗಕ್ಕೆ ಉಳಿಯ ಹಿಡಿಯಿಂದ ಕುಟ್ಟಿದ್ರೆ ಟಿಕ್, ಟಿಕ್, ಚಟ್. ಬಣ್ಣದ ಚಕ್ಕೆಗಳು ಕಾಲ ಮೇಲೆ ಉದುರಿದ್ವು. ಗಡ್ಡೆ ಕಿತ್ತಳೆ ಹಣ್ಣಿನಷ್ಟಾಯ್ತು. ಕೆಳಗಿನ ಅಂಚು ಬಿಡ್ತು. ನಿಂಬೆಯಷ್ಟಾಯ್ತು, ಎಡದ ಪಕ್ಕ ಬಿಡ್ತು. ಹಿಂದೆ ಅಕ್ಕನ ಉಸಿರು ಹರಿದ ಬಟ್ಟೆ ಎಳೆದ ಹಾಗೆ ಕೇಳಿಸೋದು, ಅವನು ತಿರುಗಿ ನೋಡಲಿಲ್ಲ. ತಿರುಗಿದ್ರೆ ಕೈ ನಿಲ್ಲುತ್ತೆ ಅಂತ ಗೊತ್ತಿತ್ತು.

ಮೇಲಿನ ಮೂಲೆಗೆ ಬರೋಷ್ಟರಲ್ಲಿ ಕೈಲಿದ್ದದ್ದು ಕಡಲೆಕಾಳಿನಷ್ಟು. ಅದನ್ನ ಮೂಲೆಗೆ ಒತ್ತಿ ಹಿಡಿದ. ಕರಗಿತು. ಬರೀ ತಣ್ಣನೆ ಬೆರಳುಗಳು ಉಳಿದ್ವು, ಅವನ್ನೇ ಒತ್ತಿ ಹಿಡಿದ. ಭುಜ ಕೊಟ್ಟು ನೂಕಿದ. ಏನಿಲ್ಲ. ಮತ್ತೆ ನೂಕಿದ. ಕಿಟಕಿ ಮುಲುಗಿತು, ಅಷ್ಟೇ.

"ಮೀನಮ್ಮಾ, ಬಾ!" ಅಂದ.

ಮೀನಮ್ಮ ಬಂದ್ಲು. ದೇವರು ಆ ಭುಜಗಳನ್ನ ಕೊಟ್ಟಿದ್ದೇ ಅದಕ್ಕೇನೋ. ಇಬ್ಬರೂ ಒಟ್ಟಿಗೆ ನೂಕಿದ್ರು. ಬಂದೂಕು ಹಾರಿಸಿದ ಸದ್ದು! ಬೀದೀಲಿ ಮಲಗಿದ್ದವರೆಲ್ಲಾ ಎದ್ದು ಕೂತ್ರು. ಎರಡೂ ಬಾಗಿಲು ಹೊರಗೆ ಹಾರಿ ತೆರ್ಕೊಂಡ್ವು, ಅದರ ಜೊತೆ ಬಿಗಿಯಪ್ಪನೂ ಸೊಂಟದವರೆಗೆ ಹೊರಗೆ. ಮೀನಮ್ಮ ಪ್ಯಾಂಟಿನ ಹಿಂಭಾಗ ಹಿಡ್ಕೊಳ್ಳದೇ ಇದ್ದಿದ್ರೆ ಕಥೆ ಅಲ್ಲಿಗೇ ಮುಗೀತಿತ್ತು. ಪ್ಯಾಂಟು ಹರೀತು, ಮನುಷ್ಯ ಉಳಿದ. ಕೆಳಗಿಂದ ಯಾರೋ, "ಬಿಗಿಯಪ್ಪ ಬಿಚ್ಚಿದ!" ಅಂತ ಕೂಗಿದ್ರು.

ಮೊದ್ಲು ಏನೂ ಬರಲಿಲ್ಲ. ಆಮೇಲೆ ತಗ್ಗಿನ ಹೊಳೆ ಕಡೆಯಿಂದ ಸಂಜೆಯ ಮೊದಲ ಗಾಳಿ ಎದ್ದು, ಛಾವಣಿಗಳ ಮೇಲೆ ಹಾದು, ಆ ಕಿಟಕಿಗೆ ಬಂದು ಒಂದು ಗಳಿಗೆ ನಿಂತ ಹಾಗಾಯ್ತು, ಹೊಸ ಮನೆಗೆ ಬಂದವರು ಹೊಸ್ತಿಲಲ್ಲಿ ನಿಲ್ಲೋ ಹಾಗೆ. ನಿಂತು, ಒಳಗೆ ಬಂತು. ಹೊಲಿಗೆ ಮಿಷನ್ನಿನ ಮೇಲಿದ್ದ ದಾರದ ತುದಿ ಎದ್ದು ನಿಂತಿತು. ಗೋಡೆಯ ಕ್ಯಾಲೆಂಡರು ಪಟಪಟ ಅಂತು. ಕೋಣೇಲಿ ಕೊಳೀತಿದ್ದ ಬಿಸಿಯೆಲ್ಲಾ ಬಾಗಿಲಿಂದ ಹೊರಬಿದ್ದು, ಮೆಟ್ಟಿಲುಗಳಲ್ಲಿ ಧಡಧಡ ಇಳಿದುಹೋದ ಹಾಗೆ ಅವನಿಗೆ ಅನ್ನಿಸ್ತು.

ಆಗ ಅವನು ತಿರುಗಿದ. ಅಕ್ಕನ ಹಣೆಯ ಬಿಳಿಕೂದಲು ಹಾರ್ತಿತ್ತು. ಆ ಕೂದಲು ಮನೆಯೊಳಗೆ ಹಾರಿದ್ದನ್ನ ಅವನು ಹುಟ್ಟಿದಮೇಲೆ ನೋಡಿರಲಿಲ್ಲ. ಅವಳು ಬಾಯಿ ತೆರೆದು ಉಸಿರೆಳೆದಳು, ಇನ್ನೊಂದು, ಮತ್ತೊಂದು, ಕೊಡ ತುಂಬಿಸಿಕೊಳ್ಳೋರ ಹಾಗೆ. ತುಟಿಗೆ ಬಣ್ಣ ಬಂತು. ಕೆಮ್ಮುತ್ತಾಳೆ ಅಂತ ಅವನು ಕಾದ. ಕೆಮ್ಮಲಿಲ್ಲ. ಕೆಳಗಿನ ಮಾತು, ಮಗುವಿನ ಅಳು, ಯಾರದೋ ಸೈಕಲ್ ಗಂಟೆ, ದೂರದ ನೀರಿನ ಸದ್ದು, ಎಲ್ಲಾ ಒಟ್ಟಿಗೆ ಕೋಣೆಯೊಳಗೆ ಬಂದು ಕೂತ್ಕೊಂಡ್ವು. ಅಕ್ಕ ಬಹಳ ಹೊತ್ತು ಕೇಳಿದಳು.

"ಇದೇನೋ ಇದು," ಅಂದ್ಲು. "ಹೊರಗೆ ಇಷ್ಟೊಂದಿತ್ತಾ?"

ಬಿಗಿಯಪ್ಪ ಕಿಟಕಿಗೆ ಬೆನ್ನು ಕೊಟ್ಟು, ಹರಿದ ಪ್ಯಾಂಟಲ್ಲಿ ನೆಲಕ್ಕೆ ಕುಸಿದು ಕೂತ. ಗಾಳಿ ಅವನ ತಲೆ ಮೇಲೆ ಹಾದು ಅಕ್ಕನ ಕಡೆ ಹೋಗ್ತಾನೇ ಇತ್ತು. ಅದಕ್ಕೆ ಅಡ್ಡ ಆಗಬಾರದು ಅಂತ ಇನ್ನಷ್ಟು ಕುಗ್ಗಿ ಕೂತ.

ಬದುಕಿದ್ಲಾ ಅಂತೀಯಾ? ಬದುಕಿದ್ಲಾ ಏನು, ಮಾರನೇ ಬೆಳಿಗ್ಗೆ ಕಿಟಕಿ ಪಕ್ಕ ಕೂತು ಬೀದಿಯವರಿಗೆಲ್ಲಾ ಬುದ್ಧಿ ಹೇಳೋಕೆ ಶುರುಮಾಡಿದ್ಲು, ಮೀನಮ್ಮನಿಗೇ ಗಂಟಲಲ್ಲಿ ಪೈಪೋಟಿ. ಉಳಿದ ಕಿಟಕಿಗಳಾ? ಅವಕ್ಕೆ ಐಸ್ ಎಲ್ಲಿಂದ ತರ್ತಾನೆ? ಅದಕ್ಕೆ ಅವನು ಮಾಡಿದ್ದೇನು ಗೊತ್ತಾ, ಮುಂಜಾನೆ ಇನ್ನೂ ಬಣ್ಣ ಬೆಚ್ಚಗಾಗೋ ಮುಂಚೆ...

ಬಂದೆ ಕಣೇ, ಬಂದೆ! ತಟ್ಟೆ ಹಾಕಿದ್ರೆ ಹಾಕಿರಲಿ, ತಟ್ಟೆ ಓಡಿಹೋಗುತ್ತಾ? ಏನು, ಆರಿಹೋಗುತ್ತಾ? ಏಳು ಮರಿ, ಏಳು, ನನ್ನ ಕೋಲು ಕೊಡು. ಅಜ್ಜಿ ಮೂರನೇ ಸಲ ಕರೆಯೋ ಮುಂಚೆ ಹೋಗೋಣ.