ಗೌರಾಬಾಯಿಯ ಬಲಗೈ

೧೯೩೮ರ ನವೆಂಬರ್ ಚಳಿ. ಪುಣೆಯ ಹೊರಗಿನ ಭತ್ತದ ಪ್ರಯೋಗ ತೋಟದಲ್ಲಿ ಮಂಜು ಇನ್ನೂ ಕರಗಿಲ್ಲ. ಬದುವಿನ ಮೇಲೆ ಒಬ್ಬ ಹೆಂಗಸು ಬರುತ್ತಿದ್ದಾರೆ. ಬಲಗೈಯನ್ನು ಸೆರಗಿನಿಂದ ಸೊಂಟಕ್ಕೆ ಬಿಗಿದು ಕಟ್ಟಿಕೊಂಡಿದ್ದಾರೆ. ತೋಟ ನೋಡಲು ಬಂದ ನಾನು ಪೆಟ್ಟಾಗಿದೆಯೇ ಎಂದರೆ ಇಲ್ಲವೆನ್ನುತ್ತಾರೆ.

"ಅದರ ಮ್ಯಾಲ ನನಗ ನಂಬಿಕಿ ಇಲ್ರಿ."

ಇವರು ಗೌರಾಬಾಯಿ. ಕಲಘಟಗಿ ಕಡೆಯವರು, ಹನ್ನೆರಡು ವರ್ಷದಿಂದ ಇಲ್ಲಿ ಕೂಲಿಯಾಳು. ಸುತ್ತಲಿನ ಆಂಬೆಮೊಹರ ಭತ್ತವೆಲ್ಲ ಬೆಂಕಿರೋಗಕ್ಕೆ ಸುಟ್ಟು ಬೂದಿಬಣ್ಣವಾಗಿದೆ. ಒಂದು ಹಕ್ಕಿಯೂ ಇಳಿಯುತ್ತಿಲ್ಲ. ನಡುವೆ ಒಂದೇ ಒಂದು ಗಿಡ ಹಚ್ಚಗೆ ನಿಂತಿದೆ. ನೋಡಿದರೆ ಖುಷಿಗಿಂತ ಮೊದಲು ಮೈ ಜುಮ್ಮೆನ್ನುತ್ತದೆ.

ಅದರ ತಾಯಿ ಆಂಬೆಮೊಹರ. ತಂದೆ, ಯಾರೂ ಬಿತ್ತದೆ ಕೆರೆಗಳಲ್ಲಿ ತಾನಾಗಿ ಏಳುವ ಕಾಡುಭತ್ತ. ರೋಗ ಅದರ ಹತ್ತಿರ ಸುಳಿಯುವುದಿಲ್ಲ. ಆ ಗಟ್ಟಿತನವನ್ನು ಊಟದ ಭತ್ತಕ್ಕೆ ತರಬೇಕೆಂಬುದು ತೋಟದ ಅಧಿಕಾರಿ ಏಕನಾಥರಾಯರ ಹಟ. ನಸುಕಿನಲ್ಲಿ ಆಂಬೆಮೊಹರ ಹೂವಿನ ಗಂಡುಭಾಗವನ್ನು ಚಿಮಟದಿಂದ ಕಿತ್ತು, ಬಿಸಿಲೇರಿದ ಮೇಲೆ ಕಾಡುಭತ್ತದ ಪರಾಗ ಉದುರಿಸುವುದು ಗೌರಾಬಾಯಿಯ ಕೆಲಸ. ಎರಡು ವರ್ಷ, ನಾಲ್ಕು ಸಾವಿರ ಹೂವು. ಕಟ್ಟಿದ್ದು ಒಂಬತ್ತು ಕಾಳು, ಮೊಳೆತದ್ದು ಮೂರು.

ಆ ಮೂರರಲ್ಲಿ ಎರಡನ್ನು ಕಿತ್ತೆಸೆದವರೂ ಇವರೇ. ಇವರೂರಿನ ಗದ್ದೆಯಲ್ಲಿ ಕಾಡುಭತ್ತವೆಂದರೆ ಕಳೆ. ಏಳನೆಯ ವಯಸ್ಸಿನಿಂದ ಅದನ್ನು ಕಿತ್ತ ಕೈ, ಅದರ ಬುಡದ ಕೆಂಪು ಕಂಡರೆ ಸುಮ್ಮನಿರುವುದಿಲ್ಲ. ಈ ಸಸಿಗಳಿಗೂ ತಂದೆಯ ಅದೇ ಕೆಂಪು. ಆ ದಿನ ಹಾಡುತ್ತ ಕಳೆ ತೆಗೆಯುತ್ತಿದ್ದರಂತೆ. ತಿರುಗಿ ನೋಡಿದರೆ ಎರಡೂ ಸಸಿ ಬದುವಿನ ಮೇಲೆ ಬಾಡಿ ಬಿದ್ದಿದ್ದವು.

"ಕಿತ್ತದ್ದು ನನಗ ನೆನಪಽ ಇಲ್ರಿ. ಕೈ ತಾನಽ ಹೋಗಿತ್ತು."

ರಾಯರು ಬೈಯಲಿಲ್ಲ, ಬೇರೆ ಮಡಿಗೆ ಹೋಗೆಂದರು. ಇವರು ಒಪ್ಪಲಿಲ್ಲ. ಕಾಡುಭತ್ತದ ಕಾಳು ಬಲಿಯುತ್ತಲೇ ಉದುರಿ ಕೆಸರು ಸೇರುತ್ತದೆ, ಆ ಗಳಿಗೆ ಅದರೊಡನೆ ಬೆಳೆದವರಿಗಷ್ಟೇ ಗೊತ್ತು ಎಂಬುದು ಇವರ ವಾದ. ಅಂದಿನಿಂದ ಕೈಗೆ ಈ ಕಟ್ಟು. ಆದರೂ ಹೋದ ವಾರ ಗಂಟು ಸಡಿಲಾಗಿ, ನೋಡುವಷ್ಟರಲ್ಲಿ ಬೆರಳುಗಳು ಉಳಿದ ಗಿಡದ ಬುಡವನ್ನು ಹಿಡಿದಿದ್ದವಂತೆ.

ಇಂದು, ಕಾಳು ಉದುರಿ ಹೋಗದಂತೆ ಆ ಗಿಡದ ತೆನೆಗೆ ಹಾಕಿದ ಕಾಗದದ ಚೀಲ ಬಿಡಿಸಬೇಕು. ಒಂದು ಕೈಯಿಂದ ಆಗುವ ಕೆಲಸವಲ್ಲ. ಗೌರಾಬಾಯಿ ಸೆರಗು ಬಿಚ್ಚುತ್ತಾರೆ. ಎಡಗೈ ಚೀಲ ಹಿಡಿಯುತ್ತದೆ, ಬಲಗೈ ನೆಟ್ಟಗೆ ಬುಡಕ್ಕೆ ಇಳಿಯುತ್ತದೆ. ನನಗೆ ಭಯವಾಗುತ್ತದೆ. ಅದು ಅಲ್ಲೇ ತಡೆದು, ನಿಧಾನಕ್ಕೆ ಮೇಲೆ ಬಂದು ತೆನೆಯನ್ನು ಮುರಿದುಕೊಳ್ಳುತ್ತದೆ.

ಚೀಲದಲ್ಲಿ ಹದಿನೇಳು ಗಟ್ಟಿ ಕಾಳು. ಇನ್ನೇನು ಆಸೆ ಎಂದು ಕೇಳುತ್ತೇನೆ.

"ಬರೋ ವರ್ಷ ಇವನ್ನ ನಾನಽ ನಾಟಿ ಮಾಡಬೇಕ್ರಿ. ಇದಽ ಕೈಲೆ."