ಮಣಿಸರದ ತೂಕ

ಅಂಕೋಲೆಯಲ್ಲಿದ್ದಾಗ, ಆಪರೇಷನ್‌ಗೆ ಮೊದಲು ರೋಗಿಯ ಮೈಯಲ್ಲಿ ರಕ್ತ ಎಷ್ಟಿದೆಯೆಂದು ನಾನು ತೂಕ ನೋಡಿ ಅಂದಾಜು ಮಾಡುತ್ತಿದ್ದೆ. ಕಿಲೋಗೆ ಎಪ್ಪತ್ತು ಎಂ.ಎಲ್., ಅಷ್ಟೇ ಲೆಕ್ಕ. ಶೆಟಗೇರಿ ಕಡೆಯ ಹಾಲಕ್ಕಿ ಹೆಂಗಸೊಬ್ಬಳು ತೂಕದ ಯಂತ್ರ ಹತ್ತಿದಾಗ ಮಾತ್ರ ನನಗೆ ಅನುಮಾನ ಬಂತು. ಕೈಕಾಲು ಕಡ್ಡಿ; ಕೊರಳಿಂದ ಎದೆಯವರೆಗೆ ಕರಿ, ಹಳದಿ ಮಣಿಸರಗಳ ರಾಶಿ.

"ಸರ ತೆಗೆದಿಡಮ್ಮ. ಇಲ್ಲದ ರಕ್ತ ಇದೆ ಅಂತ ಬರೆದರೆ ನಿನಗೇ ಅಪಾಯ."

"ಗಂಡ ಇದ್ದಾಗ ಹ್ಯಾಂಗೆ ತೆಗಿಯೂದು, ಡಾಕ್ಟ್ರೇ?"

ಬಾಗಿಲಲ್ಲಿದ್ದ ಗಂಡ ಒಳಬಂದು, ಅವಳ ಕೊರಳಿಂದ ತೆಗೆಯದೆಯೇ ಸರಗಳನ್ನೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿದ. ಮುಳ್ಳು ಸರ್ರನೆ ಇಳಿಯಿತು.

"ರಕ್ತ ಸಾಕಾಗ್ತದ್ಯೋ?"

"ಒಂದು ಬಾಟಲಿ ಬೇಕಾಗಬಹುದು."

"ನಂದೇ ತಕಣಿ," ಎಂದವನೇ ಹೆಂಡತಿಯನ್ನು ಇಳಿಸಿ ತಾನು ಹತ್ತಿ ನಿಂತ. ಸರಗಳನ್ನು ಮಾತ್ರ ಕೈಬಿಡಲಿಲ್ಲ.

ಅವನ ಸರಿಯಾದ ತೂಕ ನನಗೆ ಇವತ್ತಿಗೂ ಗೊತ್ತಿಲ್ಲ.